ಗೋಣಿ ಮರ ಚಿಗುರಿದೆಯಂತೆ

ನಮ್ಮ ಅತ್ತೆಯ ದಿನ ಶುರುವಾಗುತ್ತಿದ್ದುದೇ ‘ಕೂಡದು’ ಎಂಬ ಮಾತಿನಿಂದ. ಕೆರೆಯ ಕಡೆ ಮುಖ ಮಾಡಿ ಉಗಿಯಕೂಡದು. ಮಳೆಯ ಹೊಸ ನೀರು ಕೆರೆಗೆ ಬಂದಾಗ ಗಂಗಮ್ಮನ ಪೂಜೆ ಮುಗಿಯುವವರೆಗೆ ಯಾರೂ ಮೀನಿಗೆ ಬಲೆ ಬೀಸಕೂಡದು. ಬಾಣಂತಿಯಾದವಳು ಗಂಗೆ ಪೂಜೆ ಮಾಡುವ ತನಕ ನೀರಿನ ಕೊಡ ಮುಟ್ಟಕೂಡದು. ಏರಿಯ ಮೇಲಿನ ಮರಕ್ಕೆ ಕೊಡಲಿ ತಾಗಿಸಕೂಡದು. ಮದುವೆಯಾಗಿ ಅಮೃತಹಳ್ಳಿಯ ಈ ಮನೆಗೆ ಬಂದ ಹೊಸದರಲ್ಲಿ ಇವನ್ನೆಲ್ಲ ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿದಿತ್ತು. ಒಂದು ದಿನ ತಡೆಯಲಾಗದೆ, “ಅತ್ತೆ, ಏನೇನು ಮಾಡ್ಬಹುದು ಅಂತ ಹೇಳ್ಬಿಡಿ, ಅದಾದ್ರೆ ಬೇಗ ಮುಗಿಯುತ್ತೆ” ಎಂದೆ. ಅವರು ಸಿಟ್ಟಾಗಲಿಲ್ಲ. “ಉಣ್ಬೌದು, ಮಲಗ್ಬೌದು. ಇನ್ನೇನ್ ಬೇಕು ನಿಂಗೆ?” ಎಂದು ನಕ್ಕುಬಿಟ್ಟರು.

ನಾನು ಗದಗದ ಕಡೆಯ ಕಪ್ಪು ಮಣ್ಣಿನ ಊರಿನವಳು. ನಮ್ಮ ಕಡೆ ಕೆರೆ ಎಂದರೆ ವರ್ಷದಲ್ಲಿ ಮುಕ್ಕಾಲು ಪಾಲು ಹುಡುಗರು ಕ್ರಿಕೆಟ್ ಆಡುವ ಜಾಗ. ಅಲ್ಲಿ ಉಗಿಯಬೇಡ ಎಂದು ಹೇಳುವವರೂ ಇರಲಿಲ್ಲ, ಉಗಿಯಲು ನೀರೂ ಇರಲಿಲ್ಲ. ನಮ್ಮವ್ವನ ಕಟ್ಟುಪಾಡುಗಳೆಲ್ಲ ಕೊಡದ ಸುತ್ತ. ತುಂಬಿದ ಕೊಡ ದಾಟಬಾರದು, ಕೈತೊಳೆದ ನೀರನ್ನು ಬರಿ ನೆಲಕ್ಕೆ ಚೆಲ್ಲಬಾರದು, ಏನಾದರೂ ಒಂದು ಗಿಡದ ಬುಡಕ್ಕೇ ಹಾಕಬೇಕು. ನಾನು ಸಸ್ಯಶಾಸ್ತ್ರ ಓದಿ, ಯಲಹಂಕದ ಒಂದು ಕಾಲೇಜಿನಲ್ಲಿ ಪಾಠ ಮಾಡಲು ಸೇರಿ, ಇದೇ ಊರಿನ ಹುಡುಗನನ್ನು ಮದುವೆಯಾದೆ. ಗಂಡನ ಮನೆಯವರು ಮೂಲತಃ ಕೆರೆಯ ಕೆಳಗೆ ಗದ್ದೆ, ತರಕಾರಿ ತೋಟ ಮಾಡಿಕೊಂಡಿದ್ದವರು. ನಾನು ಬರುವ ಹೊತ್ತಿಗೆ ಗದ್ದೆಗಳೆಲ್ಲ ಅಪಾರ್ಟ್‌ಮೆಂಟ್ ಆಗಿ, ಗಂಡನ ಅಣ್ಣ, ಅಂದರೆ ನಮ್ಮ ಭಾವ, ದೊಡ್ಡ ಬಿಲ್ಡರ್ ಆಗಿದ್ದರು. ಮಾವ ತೀರಿಕೊಂಡಿದ್ದರು. ಕೆಳಗಿನ ಮನೆಯಲ್ಲಿ ಅತ್ತೆ ಮತ್ತು ನಾವು, ಮೇಲೆ ಭಾವನ ಸಂಸಾರ, ಅದರ ಮೇಲೆ ಬಾಡಿಗೆಯವರು.

ಅತ್ತೆಯ ‘ಕೂಡದು’ಗಳನ್ನು ಗೇಲಿ ಮಾಡುತ್ತಿದ್ದ ನಾನೇ ಕ್ರಮೇಣ ಅವನ್ನು ಕಾಲೇಜಿಗೆ ಒಯ್ದು ಪಾಠ ಮಾಡತೊಡಗಿದೆ. ಹೊಸ ನೀರು ಬಂದಾಗಲೇ ಮೀನು ಮೊಟ್ಟೆ ಇಡುವುದು, ಆಗ ಬಲೆ ಬೀಸಿದರೆ ಮುಂದಿನ ವರ್ಷಕ್ಕೆ ಮೀನಿಲ್ಲ, ಅದಕ್ಕೇ ಗಂಗಮ್ಮ ಅಡ್ಡ ನಿಂತಳು. ಬಾಣಂತಿ ಕೊಡ ಹೊತ್ತರೆ ಗರ್ಭಕೋಶ ಜಾರುತ್ತದೆ, ಸುಮ್ಮನೆ ಕೂರಿಸಿದರೆ ಮನೆಯವರು ಕೂರಗೊಡುವುದಿಲ್ಲ, ಮೈಲಿಗೆ ಎಂದರೆ ಕೂರಗೊಡುತ್ತಾರೆ. ಹೀಗೆ ಒಂದೊಂದಕ್ಕೂ ನನ್ನ ಬಳಿ ಕಾರಣ ಸಿದ್ಧವಾಗಿರುತ್ತಿತ್ತು. ಮಕ್ಕಳು ಕಣ್ಣರಳಿಸಿ ಕೇಳುತ್ತಿದ್ದರು. ಮನೆಗೆ ಬಂದು ಅತ್ತೆಗೂ ವಿವರಿಸುತ್ತಿದ್ದೆ. ಅವರಿಗೆ ಅದರಲ್ಲಿ ಅಷ್ಟೇನೂ ಆಸಕ್ತಿ ಇರಲಿಲ್ಲ. ಈಗಂತೂ ಕೆರೆಗೆ ವರ್ಷಪೂರ್ತಿ ಬರುವುದು ಶುದ್ಧೀಕರಿಸಿದ ಚರಂಡಿ ನೀರು, ಹಾಗಿದ್ದ ಮೇಲೆ ಹೊಸ ನೀರು ಯಾವುದು ಹಳೆ ನೀರು ಯಾವುದು ಎಂದು ಕಾಲೆಳೆದರೆ, “ಗಂಗಮ್ಮಂಗೆ ಗೊತ್ತಾಯ್ತದೆ ಬುಡು” ಎಂದು ಮೊರ ಕೊಡವುತ್ತಿದ್ದರು.

ನನ್ನ ಪಾಠಗಳಲ್ಲೆಲ್ಲ ನನಗೇ ತುಂಬಾ ಇಷ್ಟವಾದದ್ದು ಗೋಣಿ ಮರದ್ದು.

ಕೆರೆ ಏರಿಯ ಕೊನೆಯಲ್ಲಿ, ಬೇಲಿಯ ಆಚೆ, ನಮ್ಮ ಮನೆಯವರ ಪಾಲಿಗೆ ಉಳಿದ ಒಂದು ತುಂಡು ನೆಲದಲ್ಲಿ ಆ ಮರ ಇತ್ತು. ಆಲ, ಅತ್ತಿ, ಅರಳಿಯ ಬಳಗದ್ದು. ಎಲೆ ಕಿತ್ತರೆ, ಕೊಂಬೆ ಮುರಿದರೆ ಹಾಲು ಸುರಿಯುತ್ತದೆ. ಊರಿನಲ್ಲಿ ಅದನ್ನು ಹಾಲು ಮರ ಎಂದೂ ಕರೆಯುತ್ತಿದ್ದರು. ಹಸು ಕರು ಹಾಕಿದಾಗ ಬೀಳುವ ಮಾಸನ್ನು ಹುಲ್ಲಿನಲ್ಲಿ ಸುತ್ತಿ, ಗೋಣಿಚೀಲದಲ್ಲಿ ಕಟ್ಟಿ, ಆ ಮರದ ಕೊಂಬೆಗೆ ನೇತುಹಾಕುವುದು ಇಲ್ಲಿನ ಪದ್ಧತಿ. ಹಾಗೆ ಮಾಡಿದರೆ ಹಸುವಿನ ಕೆಚ್ಚಲು ತುಂಬುತ್ತದಂತೆ. ಮಾಸು ನೆಲದ ಮೇಲೆ ಬಿದ್ದರೆ ನಾಯಿ ಎಳೆದಾಡಿ ಕೆರೆಗೆ ಹಾಕುತ್ತದೆ, ಊರು ಅದೇ ನೀರು ಕುಡಿಯುತ್ತಿತ್ತು, ಎಂದು ನಾನು ಮಕ್ಕಳಿಗೆ ಹೇಳುತ್ತಿದ್ದೆ. ಹಾಲು ಮರ ಎಂದು ಯಾರೂ ಕಡಿಯಲಿಲ್ಲ, ಕಡಿಯದೆ ಉಳಿದ ಬೇರು ಏರಿಯನ್ನು ಹಿಡಿದುಕೊಂಡಿತು, ಏರಿ ಕೆರೆಯನ್ನು, ಕೆರೆ ಊರನ್ನು. ನಾನು ಮೊದಲು ನೋಡಿದಾಗಲೂ ಮೇಲಿನ ಕೊಂಬೆಯಲ್ಲಿ ಎರಡು ಮೂರು ಹಳೆಯ ಗಂಟು ತೂಗುತ್ತಿದ್ದವು. ಊರಿನಲ್ಲಿ ಹಸುಗಳೇ ಇಲ್ಲವಾಗುತ್ತಿದ್ದ ಕಾಲವದು, ಯಾರು ಕಟ್ಟಿದರೋ ತಿಳಿಯದು.

ಜಮೀನು ಮಾರುವಾಗೆಲ್ಲ ಅತ್ತೆ ಭಾವನಿಂದ ಒಂದೇ ಮಾತು ತೆಗೆದುಕೊಳ್ಳುತ್ತಿದ್ದರು, ಮರ ಬಿಟ್ಟು ಮಾರಬೇಕು. ಭಾವ ಆ ಮಾತು ಉಳಿಸಿಕೊಂಡರು. ಹಾಗಾಗಿಯೇ ಆ ಅಪಾರ್ಟ್‌ಮೆಂಟಿನ ರಸ್ತೆ ನೆಟ್ಟಗೆ ಬಂದದ್ದು ಅಲ್ಲಿ ಇದ್ದಕ್ಕಿದ್ದಂತೆ ತಿರುಗುತ್ತದೆ. ಕೊಂಡವರು ಎಷ್ಟು ಗೊಣಗಿದರೂ ಅವರು ಮಣಿಯಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಮುಂದೆ ಆದದ್ದಕ್ಕೆ ಅವರನ್ನು ಬೈಯಲು ನನಗೆ ಎಷ್ಟು ಮನಸ್ಸಾದರೂ ಬೈಯುವುದಕ್ಕೆ ಬಾಯಿ ಬರುವುದಿಲ್ಲ.

ನಾನು ಬಸುರಿಯಾದ ವರ್ಷ ಭಾವ ಆ ಮರಕ್ಕೆ ಕಟ್ಟೆ ಕಟ್ಟಿಸಿದರು. ಅಪ್ಪನ ಹೆಸರು ಉಳಿಯಲಿ, ಅಮ್ಮನಿಗೆ ಸಂತೋಷವಾಗಲಿ ಎಂಬುದು ಅವರ ಆಸೆ. ಕೈಗೆ ಬಂದದ್ದರಲ್ಲಿ ಒಳ್ಳೆಯದನ್ನೇ ಹಾಕಿಸಿದರು. ಸುತ್ತ ನಯವಾದ ಗ್ರಾನೈಟ್, ಅದರ ಮೇಲೆ ಸ್ಟೀಲ್ ಕಂಬಿ, ಮೊದಲು ಮಣ್ಣಿನಲ್ಲಿ ವಾಲಿಕೊಂಡಿದ್ದ ನಾಗರಕಲ್ಲುಗಳಿಗೆ ಒಂದು ಪುಟ್ಟ ಗುಡಿ. ಮೇಲೆದ್ದಿದ್ದ ಬೇರುಗಳನ್ನು ಸಮ ಮಾಡಿ, ಪಕ್ಕದ ಕಟ್ಟಡದ ಒಡೆದ ಇಟ್ಟಿಗೆ, ಜಲ್ಲಿ ತುಂಬಿ, ಕಾಂಕ್ರೀಟು ಹಾಸಿ, ಕಾಂಡಕ್ಕೆ ಅಂಟುವ ಹಾಗೆ ಕಲ್ಲು ಕೂರಿಸಿದರು. “ಭಾವ, ಬುಡದಲ್ಲಿ ಒಂದಿಷ್ಟು ಮಣ್ಣು ಬಿಡ್ಬೇಕಿತ್ತು, ಬೇರು ಉಸಿರಾಡ್ಬೇಕು” ಎಂದೆ. ಅವರು ನಕ್ಕರು. “ಆಲದ ಜಾತಿ ಕಣಮ್ಮ ಇದು. ಗೋಡೆ ಸಂದೀಲೇ ಬೆಳೆಯುತ್ತೆ. ನನ್ನ ಬಿಲ್ಡಿಂಗ್ ಪೈಪಲ್ಲೆಲ್ಲಾ ಹುಟ್ಕೊಂಡು ಪ್ರಾಣ ತಿನ್ನುತ್ತೆ, ಇದಕ್ಕೇನಾಗುತ್ತೆ?” ಅದೂ ಸುಳ್ಳಲ್ಲ. ನಾನೇ ಪಾಠದಲ್ಲಿ ಹೇಳುವ ಮಾತು. ಕಟ್ಟೆಯ ಪೂಜೆಯ ದಿನ ಅತ್ತೆ ನೋಯುವ ಮಂಡಿಯಲ್ಲೇ ಸುತ್ತು ಹಾಕಿ, ಹೊಸ ಕಲ್ಲಿನ ಮೇಲೆ ಕೈಯಾಡಿಸಿ, ಮಗನ ನೆತ್ತಿ ಮುಟ್ಟಿ ಲಟಿಕೆ ಮುರಿದರು. ಎಲ್ಲರಿಗೂ ಖುಷಿಯಾಗಿತ್ತು.

ನನ್ನ ಹೊಟ್ಟೆ ಮುಂದೆ ಬರುತ್ತಿದ್ದಂತೆ ಮರದ ತುದಿ ಎಲೆಗಳು ಹಳದಿಯಾಗತೊಡಗಿದವು. ಎಲೆ ಉದುರುವ ಕಾಲವಲ್ಲ. ಸಂಜೆ ವಾಕಿಂಗ್ ಹೋದಾಗ ನೋಡುತ್ತಿದ್ದೆ. ಬಸುರಿಗೆ ಅಶುಭದ ಮಾತು ಬೇಡವೆಂದು ಅತ್ತೆ ಏನೂ ಹೇಳಲಿಲ್ಲ, ಅತ್ತೆಗೆ ನೋವಾದೀತೆಂದು ನಾನೂ ಹೇಳಲಿಲ್ಲ.

ಮಗಳು ಹುಟ್ಟಿದಳು. ಅವಳು ಬದುಕಿದ್ದು ತೊಟ್ಟಿಲು ತರಿಸುವಷ್ಟು ಹೊತ್ತೂ ಅಲ್ಲ. ಆಸ್ಪತ್ರೆಯವರು ಗಾಜಿನ ಪೆಟ್ಟಿಗೆಯಲ್ಲಿಟ್ಟು ತಮ್ಮ ಕೈಲಾದದ್ದೆಲ್ಲ ಮಾಡಿದರು, ಅದರಲ್ಲಿ ನನಗೆ ಅನುಮಾನವಿಲ್ಲ. ಅವಳ ಬೆರಳು ನನ್ನ ಬೆರಳನ್ನು ಹಿಡಿದದ್ದು ಒಂದೇ ಸಲ, ಅದೂ ಪೆಟ್ಟಿಗೆಯ ತೂತಿನೊಳಗೆ ಕೈ ಹಾಕಿದಾಗ. ಹಲ್ಲು ಬಾರದ ಮಕ್ಕಳನ್ನು ಸುಡುವುದಿಲ್ಲ, ಹೂಳುತ್ತಾರೆ. ಹೆತ್ತವಳು ಜೊತೆಗೆ ಹೋಗಕೂಡದು. ನನ್ನ ಗಂಡ, ಭಾವ ಬಿಳಿ ಬಟ್ಟೆಯ ಗಂಟು ಎತ್ತಿಕೊಂಡು ಕಾರಿನಲ್ಲಿ ಹೋದರು. ಎಲ್ಲಿ ಹೂಳಿದರು ಎಂದು ಕೇಳಕೂಡದು ಎಂಬುದೂ ಇತ್ತು. ಪ್ರತಿಯೊಂದಕ್ಕೂ ಯಾಕೆ ಎಂದು ಕೇಳುವ ನಾನು ಅದೊಂದನ್ನು ಕೇಳಲಿಲ್ಲ. ಕೇಳಿದ್ದರೆ ಗಂಡ ಹೇಳಿಬಿಡುತ್ತಿದ್ದ, ಹೇಳಿದ್ದರೆ ನಾನು ಹೋಗಿ ಕೈಯಲ್ಲಿ ಮಣ್ಣು ಬಗೆಯುತ್ತಿದ್ದೆ.

ಮನೆಗೆ ಬಂದ ಮೇಲೆ ಹಾಲು ಬಂತು. ಹಾಲು ನಿಲ್ಲಲು ಡಾಕ್ಟರು ಮಾತ್ರೆ ಕೊಟ್ಟಿದ್ದರು, ಆದರೆ ಮೈಗೆ ಸುದ್ದಿ ತಡವಾಗಿ ತಲುಪುತ್ತದೆ. ರವಿಕೆ ನೆನೆದು ಸೆರಗಿಗೆ ಇಳಿಯುತ್ತಿತ್ತು. ಮೇಲಿನ ಬಾಡಿಗೆಯವರ ಮಗು ಅತ್ತರೆ ಇನ್ನೂ ಹೆಚ್ಚು. ನೋವು ತಡೆಯಲಾಗದೆ ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಅತ್ತೆ ಹೊರಗಿನಿಂದ ಬಾಗಿಲು ಬಡಿದರು.

“ಬಚ್ಚಲಿಗೆ ಉಯ್ಬ್ಯಾಡ ಕಣವ್ವ. ಕೈ ಮುಗೀತೀನಿ, ಬಾಗ್ಲು ತಗಿ.”

ನನಗೆ ಎಲ್ಲಿತ್ತೋ ಸಿಟ್ಟು. “ಇದಕ್ಕೂ ಕೂಡದಾ ಅತ್ತೆ? ಇದೊಂದನ್ನಾದ್ರೂ ನನಗೆ ಬಿಟ್ಬಿಡಿ!” ಎಂದು ಕಿರುಚಿದೆ. ಅವರು ಬಾಗಿಲ ಬುಡದಲ್ಲೇ ಕುಸಿದು ಕುಳಿತರು. “ಇದೊಂದೇ ಕಣೆ ಅವಳ್ದು ಅಂತ ಇರೋದು. ಗಲೀಜ್ ನೀರ್ ಜೊತೆ ಕಳಿಸ್ಬ್ಯಾಡ” ಎಂದರು. ನಾನು ಬಾಗಿಲು ತೆಗೆದೆ.

ಬಾಣಂತನಕ್ಕೆಂದು ಬಂದಿದ್ದ ನಮ್ಮವ್ವ ಅಡುಗೆಮನೆಯಿಂದ ಎದ್ದು ಬಂದಳು. ಮಗುವಿಲ್ಲದ ಬಾಣಂತಿಯ ಹಾಲನ್ನು ಎಲ್ಲಿ ಹಾಕಬೇಕು ಎಂದು ಇಬ್ಬರು ಮುದುಕಿಯರ ನಡುವೆ ನನ್ನೆದುರಿಗೇ ಮಾತಾಯಿತು. “ನಮ್ಮ ಕಡೆ ಎಕ್ಕಿ ಗಿಡದ ಬುಡಕ್ಕ ಹಾಕ್ತಾರ್ರೀ ಬೀಗತಿ” ಎಂದಳು ಅವ್ವ. “ಎಕ್ಕಾನಾ? ಅದು ವಿಷ ಅಲ್ವ್ರಾ? ಗೋಣಿ ಮರಕ್ಕೇ ಉಯ್ಬೇಕು. ಬಿಸ್ಲು ಬೀಳೋ ಕಲ್ ಮ್ಯಾಲೆ ಉಯ್ಬಾರ್ದು, ಇರುವೆ ಮುಟ್ಬಾರ್ದು, ಮಣ್ಣೇ ಕುಡೀಬೇಕು” ಎಂದರು ಅತ್ತೆ. ಒಂದು ಕಡೆ ಮರವೇ ಇಲ್ಲದ ಬಯಲುಸೀಮೆ, ಅಲ್ಲಿ ಹಾಲುಳ್ಳದ್ದೆಂದರೆ ರಸ್ತೆ ಬದಿಯ ಎಕ್ಕೆ. ಇನ್ನೊಂದು ಕಡೆ ಕೆರೆಯ ಸೀಮೆ, ಅಲ್ಲಿ ಗೋಣಿ. ಎರಡು ಮಣ್ಣು, ಎರಡು ಗಿಡ, ಒಂದೇ ಸಂಕಟ. ಬೇರೆ ದಿನವಾಗಿದ್ದರೆ ನಾನು ಇದನ್ನೇ ಒಂದು ತರಗತಿಯ ಪಾಠ ಮಾಡುತ್ತಿದ್ದೆ. ಅವತ್ತು ಒದ್ದೆ ರವಿಕೆಯಲ್ಲಿ ಗೋಡೆಗೆ ಒರಗಿ, ಇಬ್ಬರಲ್ಲಿ ಯಾರು ಗೆದ್ದರೂ ಸರಿ, ಯಾರಾದರೂ ಬೇಗ ಗೆಲ್ಲಲಿ ಎಂದುಕೊಂಡೆ.

ಅತ್ತೆಗೆ ಇಷ್ಟೆಲ್ಲ ಹೇಗೆ ಗೊತ್ತು ಎಂದು ನಾನು ಕೇಳಲಿಲ್ಲ. ಭಾವನಿಗೂ ನನ್ನ ಗಂಡನಿಗೂ ನಡುವೆ ವಯಸ್ಸಿನ ಅಂತರ ತುಂಬಾ ಇದೆ. ಆ ನಡುವಿನ ವರ್ಷಗಳ ಬಗ್ಗೆ ಆ ಮನೆಯಲ್ಲಿ ಯಾರೂ ಮಾತಾಡಿದ್ದನ್ನು ನಾನು ಕೇಳಿಲ್ಲ.

ಬೆಳಿಗ್ಗೆ ಬಿಸಿಲೇರುವ ಮೊದಲು ಅತ್ತೆ ನನ್ನನ್ನು ಕರೆದುಕೊಂಡು ಹೊರಟರು. ಸ್ಟೀಲ್ ಲೋಟದಲ್ಲಿ ಹಾಲು, ಮೇಲೆ ಮುಚ್ಚಿದ ವೀಳ್ಯದೆಲೆ. ಲೋಟ ನನ್ನ ಕೈಯಲ್ಲೇ ಇರಬೇಕಿತ್ತು. ಅವ್ವ ಹಿಂದೆ ಬಂದಳು. ಕೆರೆಯ ಸುತ್ತ ವಾಕಿಂಗಿನವರು ಇದ್ದರು, ಇಯರ್‌ಫೋನ್ ಹಾಕಿಕೊಂಡು ಬೀಸಾಗಿ ನಡೆಯುತ್ತ ನಮ್ಮನ್ನು ದಾಟಿಹೋದರು. ಮರದ ಬಳಿ ಬಂದು ನಿಂತೆವು. ಎಲೆಗಳು ಅರ್ಧಕ್ಕರ್ಧ ಇರಲಿಲ್ಲ. ಕಟ್ಟೆ ಮಾತ್ರ ಫಳಫಳ ಹೊಳೆಯುತ್ತಿತ್ತು.

ಅತ್ತೆ ಕಟ್ಟೆ ಹತ್ತಿ ಕಾಂಡದ ಸುತ್ತ ಬೆರಳಿಂದ ತಡವಿದರು. ಒಂದು ಸುತ್ತು ಬಂದರು. ಮತ್ತೆ ಮಂಡಿಯೂರಿ ಇನ್ನೊಂದು ಸುತ್ತು ಬಂದರು. ಬೆರಳು ತೂರುವಷ್ಟೂ ಮಣ್ಣಿರಲಿಲ್ಲ. ಸಿಮೆಂಟು ತೊಗಟೆಯ ಬಿರುಕಿನೊಳಕ್ಕೂ ಹೋಗಿ ಕೂತಿತ್ತು. ಅವರು ತಲೆಯೆತ್ತಿ ನನ್ನ ಕೈಯ ಲೋಟ ನೋಡಿದರು. ಆ ಮುಖವನ್ನು ನಾನು ಇನ್ನೂ ಮರೆತಿಲ್ಲ. ಕೂಡದು ಎಂದು ಜೀವಮಾನವೆಲ್ಲ ದಾರಿ ತೋರಿಸಿದವರಿಗೆ ಅವತ್ತು ದಾರಿ ಕಾಣಲಿಲ್ಲ.

“ದೊಡ್ಡೋನ್ನ ಕರಿ” ಎಂದರು. ನಾನು ಫೋನ್ ಮಾಡಿದೆ. ಭಾವ ಸ್ಕೂಟರಿನಲ್ಲಿ ಬಂದರು, ಏನಾಯಿತೋ ಎಂದು ಗಾಬರಿಯಾಗಿ.

“ಇದನ್ನ ಒಡಿ” ಎಂದರು ಅತ್ತೆ.

ಭಾವ ಮೊದಲು ಅರ್ಥವಾಗದೆ ನಿಂತರು. ಅರ್ಥವಾದ ಮೇಲೆ, “ನಾಗಪ್ಪನ್ನ ಕೂರ್ಸಿರೋ ಕಟ್ಟೆ ಅಮ್ಮ. ಪ್ರತಿಷ್ಠೆ ಆಗಿದೆ. ಹಾರೆ ಹಾಕ್ಬಾರ್ದು ಅಂತ ನೀನೇ ತಾನೇ ಹೇಳ್ಕೊಟ್ಟಿದ್ದು?” ಎಂದರು.

“ನಾನೇ ಯೋಳಿದ್ದು. ಈಗ ನಾನೇ ಒಡಿ ಅಂತೀನಿ.”

“ಅಪ್ಪನ ಹೆಸ್ರಲ್ಲಿ ಮಾಡ್ಸಿರೋದು...”

“ಅಂಗಾರೆ ಈ ಮಗೀನ್ ಹಾಲ ಎಲ್ಲಿ ಉಯ್ಲಿ? ಯೋಳು. ನಿಮ್ಮಪ್ಪನ್ನೇ ಕೇಳ್ಕಂಬಂದು ಯೋಳು.”

ನನ್ನ ಕಡೆಯಾಗಲಿ ಲೋಟದ ಕಡೆಯಾಗಲಿ ಭಾವನಿಗೆ ನೋಡಲಾಗುತ್ತಿರಲಿಲ್ಲ. ಮೊನ್ನೆ ಆ ಗಂಟನ್ನು ಎತ್ತಿಕೊಂಡು ಹೋದ ಕೈ ಅವರದು. ಪಕ್ಕದ ಸೈಟಿಗೆ ಹೋಗಿ ಹಾರೆ ತಂದರು. ಕೆಲಸದವರನ್ನು ಕರೆಯಲಿಲ್ಲ. ನಾಗರಕಲ್ಲಿಗೆ ಕೈ ಮುಗಿದು, ಅದರಿಂದ ದೂರದ ಮೂಲೆಯ ಒಂದು ಕಲ್ಲನ್ನು ತಾವೇ ಒಡೆದರು. ಕಲ್ಲಿನ ಕೆಳಗೆ ಕಾಂಕ್ರೀಟು, ಕಾಂಕ್ರೀಟಿನ ಕೆಳಗೆ ಜಲ್ಲಿ, ಇಟ್ಟಿಗೆ ಚೂರು, ಪೈಪಿನ ತುಂಡು. ಅವರೇ ತುಂಬಿಸಿದ್ದು. ಕೈಯಲ್ಲೇ ತೆಗೆದು ತೆಗೆದು ಹಾಕಿದರು. ಷರ್ಟೆಲ್ಲ ಧೂಳಾಗಿತ್ತು, ಬಿಕ್ಕುತ್ತಿದ್ದರು. ಕೊನೆಗೆ ಒಂದು ಬೊಗಸೆಯಷ್ಟು ಮಣ್ಣು ಕಂಡಿತು. ಒಣಗಿ ಪುಡಿಯಾಗಿತ್ತು.

ಅತ್ತೆ ನನ್ನ ಮೊಣಕೈ ಹಿಡಿದು ಕೂರಿಸಿದರು. ಹಾಲು ಹಾಕಿದೆ. ಮಣ್ಣು ಅದನ್ನು ಥಟ್ಟನೆ ಎಳೆದುಕೊಂಡಿತು. ಅಷ್ಟು ದಿನದಲ್ಲಿ ನನ್ನ ಹಾಲು ಏನನ್ನಾದರೂ ಸೇರಿದ್ದು ಅದೇ ಮೊದಲು. ನಾನು ಅಲ್ಲಿಯೇ ಬೋರಲು ಬಿದ್ದು ಅಳತೊಡಗಿದೆ. ಅವ್ವ ಅತ್ತಳು. ಅತ್ತೆ ಮಾತ್ರ ಅಳದೆ ನನ್ನ ಬೆನ್ನ ಮೇಲೆ ಕೈಯಿಟ್ಟುಕೊಂಡು ಕುಳಿತಿದ್ದರು. ಹಾಲು ನಿಲ್ಲುವವರೆಗೆ ಪ್ರತಿದಿನ ಬೆಳಿಗ್ಗೆ ಹೋದೆವು. ಕೊನೆಯ ದಿನ ಅವರು ಒಂದು ಮಾತು ಹೇಳಿದರು. “ಇನ್ನೊಂದ್ ಮಗೀನ ಮಡ್ಲಲ್ ಇಟ್ಕಂಡು ಬರೋಗಂಟ ಈ ಮರದ್ ತಾವ ಬರ್ಬ್ಯಾಡ. ಈ ಕಡೀಕ್ ತಿರುಗ್ ನೋಡ್ಲೂಬ್ಯಾಡ. ಅವಳು ಇಲ್ಲೇ ಅವ್ಳೆ, ನೀನ್ ನೋಡುದ್ರೆ ಅವಳ್ಗೆ ಓಗಕ್ ಆಗಕಿಲ್ಲ.”

ನಾನು ಹಿಂದಿರುಗಿ ನೋಡದೆ ಬಂದೆ.

ಇನ್ನೊಂದು ಮಗು ಬರಲಿಲ್ಲ. ಅದರ ಕಥೆ ಇಲ್ಲಿ ಬೇಡ. ವರ್ಷಗಳಾದವು. ನಾನು ಏರಿಯ ರಸ್ತೆ ಬಿಟ್ಟು, ಸಹಕಾರನಗರದ ಕಡೆಯಿಂದ ಸುತ್ತು ಹಾಕಿ ಕಾಲೇಜಿಗೆ ಹೋಗುತ್ತಿದ್ದೆ. ಯಾಕೆ ಸುತ್ತು ಎಂದು ಗಂಡ ಒಂದು ದಿನವೂ ಕೇಳಲಿಲ್ಲ. ಕಾಲೇಜಿನ ಮಕ್ಕಳನ್ನು ಏರಿಗೆ ಕರೆದೊಯ್ದು ಪಾಠ ಮಾಡುವುದನ್ನೂ ಬಿಟ್ಟೆ. ತರಗತಿಯಲ್ಲಿ ಹಾಲು ಮರದ ವಿಷಯ ಬಂದರೆ ಏರಿ, ಬೇರು, ಮಾಸು ಎಂದು ಹೇಳಿ ಮುಗಿಸುತ್ತಿದ್ದೆ. ಬಾಣಂತಿಯ ಹಾಲನ್ನು ಮರಕ್ಕೆ ಯಾಕೆ ಹಾಕುತ್ತಾರೆ ಎಂಬುದಕ್ಕೂ ಕಾರಣ ಕೊಡಬಲ್ಲೆ, ಕಟ್ಟಿದ ಎದೆಯಿಂದ ಹಾಲು ತೆಗೆಯದಿದ್ದರೆ ಬಾವು ಬರುತ್ತದೆ, ದಿನವೂ ತೆಗೆಯಲಿ ಎಂದು ಶಾಸ್ತ್ರ ಮಾಡಿದರು ಎನ್ನಬಹುದು. ಆ ಮಾತು ಸರಿಯೂ ಇದ್ದೀತು. ನಾನು ಅದನ್ನು ಯಾವ ತರಗತಿಯಲ್ಲೂ ಹೇಳಿಲ್ಲ.

ನಾನು ನೋಡಕೂಡದಾಗಿದ್ದರಿಂದ ಅತ್ತೆಯೇ ನೋಡಿಬಂದು ಹೇಳುತ್ತಿದ್ದರು. ಒಡೆದ ಕಲ್ಲನ್ನು ಭಾವ ಮತ್ತೆ ಮುಚ್ಚಿಸಿರಲಿಲ್ಲ. ಮೊದಲ ಮಳೆಗಾಲ ಕಳೆದ ಮೇಲೆ ಒಂದು ದಿನ, ಕೇಳದೆಯೇ, “ಚಿಗುರೈತೆ ಕಣವ್ವ” ಎಂದರು. ನನಗೆ ಅವತ್ತು ಊಟ ಸೇರಿತು. ಆಮೇಲೆ ನಾನೇ ಕೇಳುವುದು ರೂಢಿಯಾಯಿತು. “ಎಲೆ ಉದುರ್ತಾ ಐತೆ.” “ಹೊಸಾ ಎಲೆ ಕೆಂಪಗ್ ಬಂದವೆ.” “ಹಣ್ ಬುಟ್ಟೈತೆ, ಗಿಳಿ ಬಂದು ಗಲಾಟೆ.” ತುದಿಯಿಂದ ಒಣಗುತ್ತ ಬಂದ ಅಂಥ ಮರ ಸಾಮಾನ್ಯವಾಗಿ ಚೇತರಿಸಿಕೊಳ್ಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವರು ಹೇಳುವ ತಿಂಗಳಿಗೂ ಹಣ್ಣಿಗೂ ಹೊಂದುತ್ತದೋ ಇಲ್ಲವೋ ಎಂದು ತಾಳೆ ನೋಡಬಹುದಿತ್ತು. ಆದರೆ ಈ ಜಾತಿಯ ಮರಗಳು ಒಂದೊಂದು ಒಂದೊಂದು ಕಾಲದಲ್ಲಿ ಹಣ್ಣು ಬಿಡುತ್ತವೆ, ಯಾವ ತಿಂಗಳು ಹೇಳಿದರೂ ತಪ್ಪಾಗುವುದಿಲ್ಲ. ನನ್ನ ವಿದ್ಯೆ ಅಷ್ಟರ ಮಟ್ಟಿಗೆ ನನ್ನನ್ನು ಕಾಪಾಡಿತು. ಗಿಳಿಗಳು ತಿನ್ನುತ್ತಿವೆ ಎಂದರೆ ಅವಕ್ಕೆ ಮಗಳೇ ಉಣಿಸುತ್ತಿದ್ದಾಳೆ ಎಂದು ನನಗೆ ಅನ್ನಿಸುತ್ತಿತ್ತು. ಹೀಗೆಂದು ಯಾರಿಗೂ ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ.

ಕಳೆದ ಚಳಿಗಾಲದಲ್ಲಿ ನಾನು ಹೋಗುವ ರಸ್ತೆಯನ್ನು ನೀರಿನ ಪೈಪಿಗಾಗಿ ಅಗೆದರು. ಕಾಲೇಜಿನಿಂದ ಬರುವಾಗ ಆಟೋದವನು ನನ್ನನ್ನು ಕೇಳದೆ ಏರಿಯ ರಸ್ತೆಗೆ ತಿರುಗಿಸಿದ. ನಾನು ಉತ್ತರ ಪತ್ರಿಕೆಗಳ ಕಟ್ಟನ್ನು ಸರಿಮಾಡಿಕೊಳ್ಳುತ್ತಿದ್ದೆ. ತಲೆಯೆತ್ತಿದಾಗ ಆ ತಿರುವು ಎದುರಿಗೇ ಇತ್ತು. ಕಣ್ಣು ಮುಚ್ಚಿಕೊಳ್ಳಲು ಆಗಲಿಲ್ಲ.

ಮರ ಇರಲಿಲ್ಲ.

ಕಟ್ಟೆ ಇತ್ತು, ಕಂಬಿ ಇತ್ತು, ನಾಗರಕಲ್ಲುಗಳ ಮೇಲೆ ಹೊಸ ಅರಿಶಿನ ಇತ್ತು. ನಡುವೆ ಕಲ್ಲಿನ ಮಟ್ಟಕ್ಕೆ ಕೊಯ್ದ ಬುಡ. ಅದು ಬೂದಿ ಬಣ್ಣಕ್ಕೆ ತಿರುಗಿ, ಸುತ್ತಲೂ ಬಿರುಕು ಬಿಟ್ಟು, ಅಂಚಿನಲ್ಲಿ ಅಣಬೆ ಎದ್ದು ಒಣಗಿತ್ತು. ಈಚೆಗೆ ಕೊಯ್ದದ್ದಲ್ಲ, ಅದು ಹೋಗಿ ಬಹಳ ವರ್ಷಗಳಾಗಿವೆ ಎಂದು ನೋಡಿದ ಕೂಡಲೇ ತಿಳಿಯಿತು. ಬಹುಶಃ ಅತ್ತೆ ‘ಚಿಗುರೈತೆ’ ಎಂದು ಮೊದಲ ಸಲ ಹೇಳಿದ ವರ್ಷವೇ ಇರಬೇಕು.

“ನಿಲ್ಸಿ” ಎಂದೆ.

ಭಾವ ಅವತ್ತು ಒಡೆದಿದ್ದ ಮೂಲೆಯಲ್ಲಿ ಯಾರೋ ಗೋಣಿಯ ಕೊಂಬೆಗಳನ್ನು ನೆಟ್ಟಿದ್ದರು. ಒಂದಲ್ಲ, ಹಲವು. ಒಂದು ಪೂರ್ತಿ ಲಡ್ಡು ಹಿಡಿದು ಪುಡಿಯಾಗಿತ್ತು. ಇನ್ನೊಂದರ ತೊಗಟೆ ಸುಲಿದು ಹೋಗಿತ್ತು. ಒಂದೊಂದೂ ಒಂದೊಂದು ಮಳೆಗಾಲ ನೋಡಿ ಸೋತದ್ದು. ಎಲ್ಲವೂ ಕಿರುಬೆರಳಿನಷ್ಟು ತೆಳ್ಳಗೆ, ಮುದುಕಿಯ ಕೈಗೆ ಮುರಿಯಲು ಸಿಗುವಂಥವು. ಕೊನೆಯದು ಹೊಸದು. ಅದಕ್ಕೆ ನೆರಳಾಗಲೆಂದು ಹಳೆ ಸೀರೆಯ ತುಂಡು ಸುತ್ತಿ, ಪಕ್ಕದಲ್ಲಿ ತೂತು ಮಾಡಿದ ನೀರಿನ ಬಾಟಲಿ ಕಟ್ಟಿ ತೊಟ್ಟಿಕ್ಕಲು ಬಿಟ್ಟಿತ್ತು. ಸೀರೆಯ ಹಸಿರು ಅಂಚು ನನಗೆ ಗೊತ್ತು, ಅದನ್ನು ಉಟ್ಟೇ ಅತ್ತೆ ಬಚ್ಚಲಿನ ಬಾಗಿಲ ಬುಡದಲ್ಲಿ ಕುಳಿತಿದ್ದರು. ಆ ಕೊಂಬೆಯೂ ಚಿಗುರಿರಲಿಲ್ಲ. ಚಿಗುರುವುದೂ ಇಲ್ಲ. ಕೆಳಗಿರುವುದೆಲ್ಲ ಜಲ್ಲಿ.

“ಇಳೀತೀರಾ ಮೇಡಂ?” ಆಟೋದವನು ಕೇಳಿದ. ಬೇಡ, ನಡೀರಿ ಎಂದೆ. ಮನೆಯವರೆಗೂ ಸೆರಗು ಬಾಯಿಗೆ ಒತ್ತಿಕೊಂಡಿದ್ದೆ. ಮಗಳು ಎರಡನೆಯ ಸಲ ಹೋದಳು. ಈ ಸಲ ಯಾವ ದಿನ ಹೋದಳೆಂದೂ ನನಗೆ ಗೊತ್ತಿಲ್ಲ.

ಅತ್ತೆ ಹಜಾರದಲ್ಲಿ ಮೊರದ ಮುಂದೆ ಅವರೆಕಾಯಿ ಸುಲಿಯುತ್ತ ಕುಳಿತಿದ್ದರು. ಮುಖ ತೊಳೆದುಕೊಂಡು ಬಂದು ಎದುರಿಗೆ ಕುಳಿತು ನಾನೂ ಸುಲಿಯತೊಡಗಿದೆ. ಅವರ ಮಂಡಿ ಈಗ ಮೆಟ್ಟಿಲು ಹತ್ತಲೂ ಬಿಡುವುದಿಲ್ಲ. ಅಷ್ಟು ದೂರ ಬಾಟಲಿ ಹೊತ್ತು, ಯಾವ ಯಾವ ಮರ ಹುಡುಕಿ ಕೊಂಬೆ ಮುರಿದುಕೊಂಡು ಹೇಗೆ ಹೋಗುತ್ತಿದ್ದರೋ. ಮರ ಹೇಗಿದೆ ಎಂದು ನಾನು ಎಂದಿನಂತೆ ಕೇಳದಿದ್ದುದರಿಂದ ಅವರೇ ಶುರು ಮಾಡಿದರು.

“ಮೊನ್ನೆ ಓಗಿದ್ದೆ. ಚಿಗುರೈತೆ ಕಣವ್ವ.”

“ಹೌದಾ ಅತ್ತೆ.”

“ಊಂ. ಕೆಂಪ್ ಕೆಂಪಗೆ.”

ಸುಳ್ಳು ಎನ್ನಲು ಬಾಯಿ ಬರಲಿಲ್ಲ. ಸುಮ್ಮನಿರಲೂ ಆಗಲಿಲ್ಲ, ಬರುವ ಮಳೆಗಾಲಕ್ಕೂ ಅವರು ಇನ್ನೊಂದು ಕಡ್ಡಿ ಮುರಿದುಕೊಂಡು ಆ ಜಲ್ಲಿಯಲ್ಲಿ ಊರುತ್ತಾರೆ. ಕೈಯ ಕಾಯಿಯನ್ನೇ ನೋಡುತ್ತ, “ಇವತ್ತು ಕ್ಲಾಸಲ್ಲಿ ಗೋಣಿ ಮರದ ಪಾಠ ಮಾಡ್ದೆ” ಎಂದೆ. “ಅದನ್ನ ಬೀಜದಿಂದ ಬೆಳೆಸೋದು ಕಷ್ಟ, ಕೊಂಬೆ ನೆಟ್ರೆ ಬರುತ್ತೆ. ಆದ್ರೆ ತೆಳ್ಳಗಿದ್ರೆ ಒಣಗಿಹೋಗುತ್ತೆ. ತೋಳು ದಪ್ಪ ಇರ್ಬೇಕು. ಮುಂಗಾರು ಶುರುವಾಗ್ತಿದ್ದ ಹಾಗೇ ನೆಡ್ಬೇಕು. ಕೆಳಗೆ ಜಲ್ಲಿ ಗಿಲ್ಲಿ ಇದ್ರೆ ಪೂರ್ತಿ ತೆಗ್ಸಿ, ಕೆರೆ ಗೋಡು ಮಣ್ಣು ತುಂಬ್ಬೇಕು.”

ಅತ್ತೆಯ ಕೈ ನಿಂತಿತು. ಅವರು ನನ್ನನ್ನು ನೋಡಿದರು. ನಾನು ತಲೆಯೆತ್ತಲಿಲ್ಲ. ಅವರ ಧ್ವನಿ ಬಂತು, ಕೇಳಿಸಿಯೂ ಕೇಳಿಸದ ಹಾಗೆ.

“ತೋಳ್ ದಪ್ಪಾನಾ?”

“ಹೂಂ ಅತ್ತೆ. ತೋಳು ದಪ್ಪ.”

ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಅವತ್ತು ಮರದ ಬುಡದಲ್ಲಿ ಅಳದೆ ಕುಳಿತಿದ್ದವರು ಈಗ ತಡೆಯಲಾಗದೆ ಅಳುತ್ತಿದ್ದರು. “ನೋಡ್ಬ್ಯಾಡ ಅಂದಿದ್ದೆ” ಎಂದರು. ಬೈದಂತಿರಲಿಲ್ಲ.

“ಆಟೋದವ್ನು ಆ ಕಡೆ ತಿರುಗಿಸ್ಬಿಟ್ಟ.”

“ಮುಂಗಾರು ಇನ್ನಾ ದೂರ ಐತೆ” ಎಂದರು ಮೊರ ಹತ್ತಿರಕ್ಕೆ ಎಳೆದುಕೊಂಡು. “ಜಲ್ಲಿ ತೆಗ್ಯಕೆ ದೊಡ್ಡೋನ್ಗೇ ಯೋಳ್ಬೇಕು. ಕೊಂಬೆ ನೀನ್ ನೋಡಿ ಆರ್ಸ್ಕೊಡು. ನಂಗೆ ಗೊತ್ತಾಗಕಿಲ್ಲ.”

ಆರಿಸಿಕೊಡುತ್ತೇನೆ ಎಂದೆ. ಇಬ್ಬರೂ ಅಳುತ್ತಲೇ ಇದ್ದೆವು. ಅವರೆಕಾಯಿ ಇನ್ನೂ ಅರ್ಧ ಮೊರ ಉಳಿದಿತ್ತು, ರಾತ್ರಿ ಸಾರಿಗೆ ಬೇಕಾಗಿತ್ತು, ಸುಲಿದೆವು.